ಬೇಲಿಯ ಮೇಲಿನ ಕೆಂಪು ಹಣ್ಣು

ನಿಮ್ಮ ಹಿತ್ತಲ ಬೇಲಿಯಲ್ಲಿ ಈ ಚಳಿಗಾಲದಲ್ಲಿ ಯಾವ ಯಾವ ಬಳ್ಳಿ ಹಣ್ಣು ಬಿಟ್ಟಿದೆ, ಹೇಳಬಲ್ಲಿರಾ? "ಅಯ್ಯೋ, ಅದೇನು ಮಹಾ, ಯಾವುದೋ ಕಾಡುಬಳ್ಳಿ" ಎನ್ನುತ್ತೀರಲ್ಲವೇ? ಹೋದ ವರ್ಷದವರೆಗೆ ನಾನೂ ಹಾಗೇ ಅನ್ನುತ್ತಿದ್ದೆ. ಒಂದು ಸಂಜೆ ಆ ಮಾತಿಗೆ ನಾನು ತೆತ್ತ ಬೆಲೆಯನ್ನೂ, ಆಮೇಲೆ ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಡೆಗೆ ಹೋಗಿ ಕಲಿತು ಬಂದ ಪಾಠವನ್ನೂ ನಿಮ್ಮ ಹತ್ತಿರ ಹೇಳಿಕೊಳ್ಳಬೇಕೆಂದು ಈ ಬರಹ.

ನನ್ನ ತವರು ಚಾಮರಾಜನಗರದ ಹತ್ತಿರದ ಒಂದು ಹಳ್ಳಿ. ಸೇರಿದ ಮನೆ ಗುಂಡ್ಲುಪೇಟೆ. ನಮ್ಮೂರನ್ನು ನೀವು ನೋಡಿಯೇ ಇರುತ್ತೀರಿ. ಊಟಿಗೋ ವಯನಾಡಿಗೋ ಹೋಗುವವರೆಲ್ಲ ನಮ್ಮೂರನ್ನು ದಾಟಿಯೇ ಹೋಗಬೇಕು. ಮಳೆಗಾಲದಲ್ಲಿ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವವರು ಸಾಲುಸಾಲು. ಚಳಿಗಾಲಕ್ಕೆ ಯಾರೂ ನಿಲ್ಲುವುದಿಲ್ಲ. ಹೂವು ಮುಗಿದಿರುತ್ತದೆ, ಹೊಲದಲ್ಲಿ ಹುರುಳಿ, ಅವರೆ. ನೀರಿದ್ದ ಕಡೆ ಅರಿಶಿನ, ಬಾಳೆ. ಬೆಳಗಿನ ಹೊತ್ತು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆ ಮಂಜು ಕವಿದಿರುತ್ತದೆ. ಅಷ್ಟೆ.

ಆದರೆ ಬೇಲಿಗಳಿಗೆ ಹಬ್ಬದ ಕಾಲ ಅದೇ. ನಮ್ಮದು ಮಲೆನಾಡಿನ ಹಾಗೆ ಜಡಿಮಳೆಯ ಸೀಮೆಯಲ್ಲ. ಮುಂಗಾರಿನ ಮೋಡವನ್ನು ಪಶ್ಚಿಮದ ಬೆಟ್ಟಗಳೇ ಬಹಳಮಟ್ಟಿಗೆ ತಡೆದುಬಿಡುತ್ತವೆ. ಬೇಸಿಗೆಯ ಕೊನೆಯಲ್ಲಿ ಒಂದಿಷ್ಟು, ಆಮೇಲೆ ಹಿಂಗಾರಿನಲ್ಲಿ ಇನ್ನೊಂದಿಷ್ಟು ಮಳೆ. ಸೆಪ್ಟೆಂಬರ್, ಅಕ್ಟೋಬರಿನ ಮಳೆ ಕುಡಿದು ಬೇಲಿಯ ಬಳ್ಳಿಗಳೆಲ್ಲ ಮೇಲೇರಿ, ಮಾರ್ಗಶಿರ, ಪುಷ್ಯದ ಹೊತ್ತಿಗೆ ಹಣ್ಣು ಬಿಡುತ್ತವೆ. ಎಲೆ ಉದುರುವುದೂ ಆಗಲೇ. ಹಸಿರು ಕಡಿಮೆಯಾದಂತೆ ಕೆಂಪು ಎದ್ದು ಕಾಣುತ್ತದೆ. ದೊಡ್ಡವರ ಕಣ್ಣಿಗೂ, ಮಕ್ಕಳ ಕಣ್ಣಿಗೂ.

ಹೋದ ವರ್ಷ ಮಾರ್ಗಶಿರದಲ್ಲಿ ನನ್ನ ನಾದಿನಿ ಐದು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದಳು. ನಾವಿಬ್ಬರೂ ಹಿತಕಿದವರೆ ಮಾಡೋಣವೆಂದು ಅವರೆಕಾಳು ಹಿತುಕುತ್ತಾ ಕೂತಿದ್ದೆವು. ಮಗು ಹಿತ್ತಲಲ್ಲಿ ಆಡುತ್ತಿತ್ತು. ಸ್ವಲ್ಪ ಹೊತ್ತಿಗೆ ಲಂಗದ ಮಡಿಲು ಹಿಡಿದುಕೊಂಡು ಓಡಿ ಬಂತು. "ಅತ್ತೆ, ತೊಂಡೆಹಣ್ಣು!" ಮಡಿಲಲ್ಲಿ ನೋಡಿದರೆ ಮೂರು ಥರದ್ದು. ಉದ್ದುದ್ದನೆಯ ಕೆಂಪು ಹಣ್ಣು ನಾಲ್ಕು, ಗೋಲಿಯಂಥ ದುಂಡನೆಯ ಕೆಂಪು ಹಣ್ಣು ಒಂದು ಹಿಡಿ, ಅದರ ನಡುವೆ ಕಪ್ಪು ಕಣ್ಣಿನ ಪುಟ್ಟ ಪುಟ್ಟ ಕೆಂಪು ಕಾಳುಗಳು. ಮಗುವಿನ ತುಟಿಯ ಪಕ್ಕದಲ್ಲಿ ಕೆಂಪು ರಸ.

"ಯಾವುದು ತಿಂದೆ ಪುಟ್ಟಿ?" ಅಂದರೆ ಮೂರನ್ನೂ ತೋರಿಸಿತು.

ನಮ್ಮತ್ತೆ, "ತೊಂಡೆ ಜಾತಿ, ಏನೂ ಆಗಲ್ಲ ಬಿಡಿ" ಅಂದರು. ಪಕ್ಕದ ಮನೆಯಾಕೆ ಬಂದು, "ಹಕ್ಕಿಗಳು ತಿಂತವಲ್ಲ, ಮಕ್ಕಳಿಗೇನಾಗುತ್ತೆ?" ಅಂದರು. ನಮ್ಮ ಯಜಮಾನರು ಮೊಬೈಲಿನಲ್ಲಿ ಹುಡುಕಿದರು. ಅದರಲ್ಲಿ ನೂರಾರು ಕೆಂಪು ಹಣ್ಣು, ಎಲ್ಲವೂ ಒಂದೇ ಥರ. ನಾದಿನಿ ಅಳುವುದಕ್ಕೆ ಶುರುಮಾಡಿದಳು. ಅವರೆಕಾಳಿನ ಪಾತ್ರೆಯನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಮಡಿಲಿನ ಕಾಳು ನೋಡಿದ ಕೂಡಲೇ, "ಇದು ಗುಲಗಂಜಿ" ಅಂದು ಗಂಭೀರವಾದರು. ದುಂಡನೆಯ ಹಣ್ಣು ಮುಟ್ಟಿ ನೋಡಿ, "ಇದು ಯಾವ ಬಳ್ಳಿಯದಮ್ಮ?" ಅಂದರು. ನಾನು ಬಾಯಿ ಬಿಡಲಿಲ್ಲ. "ನೀವು ಈ ಸೀಮೆಯವರೇ ಅಲ್ಲವಾ?" ಎಂದು ಕೇಳಿದರು. ಕೋಪದಿಂದ ಕೇಳಿದ್ದಲ್ಲ, ತಿಳಿಯುವುದಕ್ಕೆ ಕೇಳಿದ್ದು. ಆದರೂ ಆ ಮಾತು ನನ್ನನ್ನು ಚುಚ್ಚಿತು. ಇಪ್ಪತ್ತು ವರ್ಷದಿಂದ ಅದೇ ಬೇಲಿಯ ಪಕ್ಕದಲ್ಲಿ ಬಟ್ಟೆ ಒಣಹಾಕಿದ್ದೇನೆ. ಅದರ ಮೇಲೆ ಹಬ್ಬಿದ ಬಳ್ಳಿಯ ಹೆಸರು ನನಗೆ ಗೊತ್ತಿಲ್ಲ!

ರಾತ್ರಿ ಎಂಟು ಗಂಟೆಗೆ ಟಾರ್ಚು ಹಿಡಿದುಕೊಂಡು ನಾನೂ ಯಜಮಾನರೂ ಬೇಲಿ ತಡಕಿ, ಎಲೆ ಹಣ್ಣು ಸಮೇತ ತುಂಡುಗಳನ್ನು ಕಿತ್ತು ಆಸ್ಪತ್ರೆಗೆ ಒಯ್ದೆವು. ಮಗುವನ್ನು ಎರಡು ದಿನ ಅಲ್ಲೇ ಇಟ್ಟುಕೊಂಡು ನೋಡಿದರು. ದೇವರು ದೊಡ್ಡವನು. ಮಗು ಗುಲಗಂಜಿಯನ್ನು ಕಚ್ಚಿರಲಿಲ್ಲ, ಒಂದೇ ಒಂದನ್ನು ಇಡಿಯಾಗಿ ನುಂಗಿತ್ತು. ಇಡಿಯಾಗಿಯೇ ಹೊರಗೆ ಬಂತು. ತುಟಿಯ ಮೇಲಿದ್ದ ಕೆಂಪು ರಸ ತೊಂಡೆಹಣ್ಣಿನದು.

ಡಾಕ್ಟರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಗಮನವಿಟ್ಟು ಓದಿ. ಗುಲಗಂಜಿಯ ಒಳಗಿರುವುದು ಭಾರಿ ವಿಷ. ಸಿಪ್ಪೆ ಗಟ್ಟಿಯಾಗಿರುವುದರಿಂದ ಇಡಿಯಾಗಿ ನುಂಗಿದರೆ ಅನೇಕ ಸಲ ಹಾಗೇ ಹೊರಗೆ ಹೋಗುತ್ತದೆ. ಆದರೆ ಅಗಿದರೆ, ಜಜ್ಜಿದರೆ, ಪೋಣಿಸುವುದಕ್ಕೆ ತೂತು ಮಾಡಿದ್ದಾದರೆ ಒಳಗಿನದು ಹೊರಗೆ ಬರುತ್ತದೆ. ಅದಕ್ಕೆ ಪ್ರತಿಯಾಗಿ ಕೊಡುವ ಮದ್ದು ಇಲ್ಲ. ವಾಂತಿ, ಭೇದಿ ಶುರುವಾಗುವುದು ಕೆಲವು ಗಂಟೆ ಕಳೆದ ಮೇಲೆ, ಒಮ್ಮೊಮ್ಮೆ ಮಾರನೆಯ ದಿನ. ಅದಕ್ಕೇ "ಮಗು ಆಡಿಕೊಂಡೇ ಇದೆಯಲ್ಲ" ಎಂದು ಸುಮ್ಮನೆ ಕೂರಬಾರದು. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಬಾರದು. ಬಳ್ಳಿಯ ತುಂಡನ್ನು ಕೈಯಲ್ಲಿ ಹಿಡಿದು ನೇರವಾಗಿ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಬೇಕು.

ಮಗು ಮನೆಗೆ ಬಂದ ಮೇಲೆ ಯಜಮಾನರು ಮಚ್ಚು ತೆಗೆದುಕೊಂಡು ಬೇಲಿಯನ್ನೆಲ್ಲ ಸವರಲು ಹೊರಟರು. ನಾನೇ ತಡೆದೆ. ಗುಲಗಂಜಿಯನ್ನು ಬೇರು ಸಮೇತ ಕಿತ್ತು ಹಾಕಿಸಿದೆ, ನಿಜ. ಮಿಕ್ಕದ್ದು ಏನೆಂದು ತಿಳಿಯದೆ ಕಡಿಯುವುದೂ ತಿಳಿಯದೆ ತಿನ್ನುವ ಹಾಗೇ ಅಲ್ಲವೇ? "ಸಂಕ್ರಾಂತಿಗೆ ಮುಂಚೆ ದೊಡ್ಡಮ್ಮನ್ನ ನೋಡಿಕೊಂಡು ಬರ್ತೀನಿ, ಅಲ್ಲಿವರೆಗೆ ಮುಟ್ಟಬೇಡಿ" ಅಂದೆ.

ನಮ್ಮ ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ. ಎಪ್ಪತ್ತಾರು ವರ್ಷ. ಶಾಲೆಗೆ ಹೋದವರಲ್ಲ. ಆದರೆ ನಾನು ಚಿಕ್ಕವಳಿದ್ದಾಗ ಸೊಪ್ಪು ಕುಯ್ಯಲು ನಮ್ಮಜ್ಜಿಯ ಹಿಂದೆ ಹೊಲದ ಬದು ಸುತ್ತುತ್ತಿದ್ದವರು ಅವರು. ನಾವು ಮಕ್ಕಳು ಹೈಸ್ಕೂಲು, ಪರೀಕ್ಷೆ ಅಂತ ಪುಸ್ತಕ ಹಿಡಿದು ಕೂತೆವು. ನಾನು ಹತ್ತನೆಯ ಕ್ಲಾಸಿನಲ್ಲಿದ್ದಾಗ, 1997ರಲ್ಲಿ, ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತು. ಜಿಲ್ಲೆಯ ತಾಲ್ಲೂಕುಗಳ ಹೆಸರು ಬಾಯಿಪಾಠ ಮಾಡಿದೆ. ಬೇಲಿಯ ಬಳ್ಳಿಗಳ ಹೆಸರನ್ನು ಯಾರೂ ಪರೀಕ್ಷೆಯಲ್ಲಿ ಕೇಳಲಿಲ್ಲ, ನಾನೂ ಕಲಿಯಲಿಲ್ಲ.

ಬೆಳಗ್ಗೆ ಎಂಟಕ್ಕೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸರ್ಕಾರಿ ಬಸ್ಸು ಹತ್ತಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ಟಿಗೆ ಕಾಸಿಲ್ಲ, ಆಧಾರ್ ಕಾರ್ಡು ಇದ್ದರೆ ಸಾಕು. ತವರಿಗೆ ಹೋಗಲು ಯಜಮಾನರ ಜೇಬು ನೋಡುವ ಕಾಲ ಹೋಯಿತು! ಕಿಟಕಿ ಪಕ್ಕದ ಸೀಟು ಸಿಕ್ಕಿತು. ತೆರಕಣಾಂಬಿಯ ದಾರಿ ನಾನು ನೂರು ಸಲ ಹೋದ ದಾರಿ. ಹಳೆಯ ದೇವಸ್ಥಾನಗಳ ಊರದು. ಹತ್ತಿರದಲ್ಲೇ ತ್ರಿಯಂಬಕಪುರ, ಹುಲುಗನಮರಡಿ. ಪ್ರತಿ ಸಲವೂ ನಿದ್ದೆ ಮಾಡಿಕೊಂಡು ಹೋಗುತ್ತಿದ್ದವಳು ಈ ಸಲ ಬೇಲಿ ನೋಡುತ್ತಾ ಹೋದೆ.

ನೋಡಿದರೆ ಬೇಲಿಗಳೇ ಕಡಿಮೆಯಾಗಿವೆ. ನಮ್ಮ ಚಿಕ್ಕಂದಿನಲ್ಲಿ ಹೊಲದ ಸುತ್ತ ಕಳ್ಳಿ, ಕತ್ತಾಳೆ, ಅದರ ಮೇಲೆ ಬಳ್ಳಿಗಳ ಚಪ್ಪರ. ಈಗ ಬಹಳ ಕಡೆ ಕಲ್ಲಿನ ಕಂಬ, ತಂತಿ. ಕಾಡಿನ ಮಗ್ಗುಲ ಹೊಲಗಳಿಗೆ ಆನೆ, ಹಂದಿ ಬಾರದಿರಲೆಂದು ಸೋಲಾರ್ ತಂತಿ. ರೈತರ ಕಷ್ಟ ರೈತರಿಗೆ ಗೊತ್ತು, ಅದನ್ನು ತಪ್ಪೆನ್ನಲಾರೆ. ಆದರೆ ತಂತಿಯ ಮೇಲೆ ಬಳ್ಳಿ ಹಬ್ಬಲು ಬಿಡುವುದಿಲ್ಲ. ಬಳ್ಳಿ ಹೋದ ಕಡೆ ಅದರ ಹೆಸರೂ ಹೋಗುತ್ತದೆ.

ಚಾಮರಾಜನಗರದಲ್ಲಿ ಇಳಿದು ಚಾಮರಾಜೇಶ್ವರನಿಗೆ ಕೈ ಮುಗಿದು ಮುಂದೆ ಹೋಗುವುದು ನಮ್ಮ ಮನೆಯ ಪದ್ಧತಿ. ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ದೇವಸ್ಥಾನ. ಆಷಾಢದ ತೇರಿಗೆ ಹೊಸದಾಗಿ ಮದುವೆಯಾದವರು ಬಂದು ಹಣ್ಣು ಜವನ ಎಸೆಯುವುದು ಇಲ್ಲಿಯ ವಿಶೇಷ, ನಾವೂ ಎಸೆದಿದ್ದೇವೆ. ಈ ಊರಿಗೆ ಮುಂಚೆ ಅರಿಕುಠಾರ ಎಂಬ ಹೆಸರಿತ್ತು. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿಯವರು ಅವರ ಹೆಸರನ್ನೇ ಇಟ್ಟರು. ಅರಸರು ಹೆಸರಿಟ್ಟರೆ ಶಾಸನದಲ್ಲಿ ಉಳಿಯುತ್ತದೆ. ನಮ್ಮಜ್ಜಿ ಬಳ್ಳಿಗೆ ಹೇಳುತ್ತಿದ್ದ ಹೆಸರು ಎಲ್ಲಿ ಉಳಿಯಬೇಕು? ದೊಡ್ಡಮ್ಮನ ನಾಲಿಗೆಯ ಮೇಲೆ ಮಾತ್ರ.

ಹಳ್ಳಿ ತಲುಪಿದಾಗ ದೊಡ್ಡಮ್ಮ ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದರು. "ಯಾರವ್ವ? ಬಾ ಕೂಸು" ಎಂದು ನನ್ನ ಕೈ ಹಿಡಿದು, ಬಳೆ ತಡವಿ, ನಾನೆಂದು ತಿಳಿದರು. ಆಗ ನನಗೆ ಗೊತ್ತಾಯಿತು, ಅವರ ಎರಡು ಕಣ್ಣಿಗೂ ಪೊರೆ ಬಂದಿದೆ. "ಮಬ್ಬು ಮಬ್ಬಾಗಿ ಕಾಣ್ತದೆ. ಬಣ್ಣ ಗೊತ್ತಾಗಕ್ಕಿಲ್ಲ" ಅಂದರು. ನನ್ನ ಎದೆ ಧಸಕ್ಕೆಂದಿತು. ಕೆಂಪು ಹಣ್ಣು ಕಾಣದವರು ನನಗೆ ಹಣ್ಣಿನ ಗುರುತು ಹೇಗೆ ಹೇಳಿಕೊಟ್ಟಾರು?

ಮಗುವಿನ ಕಥೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಡಿ, ಬೇಲಿ ತಾವ ಕರ್ಕೊಂಡು ಹೋಗು" ಎಂದು ಕೋಲು ತೆಗೆದುಕೊಂಡರು.

ಬೇಲಿಯ ಹತ್ತಿರ ಹೋದ ಕೂಡಲೇ ನಾನು, "ದೊಡ್ಡಮ್ಮ, ಇಲ್ಲಿ ಕೆಂಪಗೆ ಗೊಂಚಲು..." ಅಂತ ಶುರುಮಾಡಿದೆ. ಅವರು ತಡೆದರು. "ಕೆಂಪು ಅನ್ನೋದು ಹೆಸ್ರಲ್ಲ ಕನವ್ವ. ಈ ತಿಂಗಳಲ್ಲಿ ಎಲ್ಲಾನೂ ಕೆಂಪೇ. ಮೊದ್ಲು ಬುಡ ಮುಟ್ಟು, ಆಮೇಲೆ ಕೈ ನೋಡು, ಆಮೇಲೆ ಎಲೆ. ಹಣ್ಣು ಕಡೇಗೆ." ಕೈ ಎಂದರೆ ಬಳ್ಳಿ ಬೇಲಿಯನ್ನು ಹಿಡಿದುಕೊಳ್ಳಲು ಚಾಚುವ ಸುರುಳಿ. ಕೆಲವು ಬಳ್ಳಿಗೆ ಕೈ ಇರುತ್ತದೆ. ಕೆಲವು ಮೈಯನ್ನೇ ಸುತ್ತಿಕೊಂಡು ಏರುತ್ತವೆ. ಅಷ್ಟು ನೋಡಿದರೆ ಅರ್ಧ ಕೆಲಸ ಮುಗಿಯಿತಂತೆ.

ಮೊದಲ ಬಳ್ಳಿ. ದೊಡ್ಡಮ್ಮ ಬುಡ ತಡವಿದರು. ಕಾಗದದಂಥ ತೆಳ್ಳನೆಯ ಸಿಪ್ಪೆ ಅವರ ಉಗುರಿಗೆ ಎದ್ದು ಬಂತು, ಕೆಳಗೆ ಹಸಿರು. ಮೇಲಿನಿಂದ ದಾರದಂಥ ಬೇರುಗಳು ಜೋತಾಡುತ್ತಿದ್ದವು. ಕೈ ಇಲ್ಲ, ಬೇವಿನ ಮರಕ್ಕೆ ಮೈಯನ್ನೇ ಸುತ್ತಿತ್ತು. ಉಳಿದಿದ್ದ ನಾಲ್ಕು ಎಲೆ ಹೃದಯದ ಆಕಾರದವು, ನುಣುಪು. "ಅಮೃತಬಳ್ಳಿ" ಅಂದರು. ಬಟಾಣಿ ಗಾತ್ರದ ಕೆಂಪು ಹಣ್ಣು ಉದ್ದನೆಯ ಗೊಂಚಲಲ್ಲಿ ತೂಗುತ್ತಿದ್ದವು. "ನಮ್ಮ ಮನೆಯದು ಒಂದು ವರ್ಷವೂ ಹಣ್ಣು ಬಿಟ್ಟಿಲ್ಲವಲ್ಲ" ಅಂದೆ. "ನಿಮ್ಮದು ಗಂಡು ಬಳ್ಳಿ ಇರಬೇಕು ಕನಾ. ಹಣ್ಣು ಬುಡೋದು ಹೆಣ್ಣು ಬಳ್ಳಿಯೇ" ಎಂದು ನಕ್ಕರು.

ಈ ಬಳ್ಳಿಯ ವಿಷಯದಲ್ಲಿ ಒಂದು ಮಾತು. 2020ರಲ್ಲಿ ಕೊರೊನಾ ಬಂದಾಗ ಮನೆಮನೆಯಲ್ಲೂ ಇದರ ಕಷಾಯ ಕಾಯಿಸಿದೆವು, ಅಲ್ಲವೇ? ಮರುವರ್ಷ ಮುಂಬೈಯ ವೈದ್ಯರು, ಇದನ್ನು ಸೇವಿಸಿದ್ದ ಆರು ಜನರ ಪಿತ್ತಜನಕಾಂಗಕ್ಕೆ ತೊಂದರೆಯಾಗಿದ್ದನ್ನು ಬರೆದರು. ಅವರು ಸೇವಿಸಿದ್ದು ಯಾವ ಬಳ್ಳಿ ಎಂದೇ ಪರೀಕ್ಷೆಯಾಗಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇದ್ದೀತು ಎಂದು ಕೇಂದ್ರದ ಆಯುಷ್ ಮಂತ್ರಾಲಯ ಉತ್ತರ ಕೊಟ್ಟಿತು. ಆ ಇನ್ನೊಂದು ಬಳ್ಳಿಯ ಎಲೆಯೂ ಹೃದಯದ ಆಕಾರದ್ದೇ, ಆದರೆ ಕಾಂಡದ ಮೇಲೆ ದಪ್ಪ ದಪ್ಪ ಗಂಟುಗಳು ಒತ್ತಾಗಿರುತ್ತವೆ. ವಾದ ಏನೇ ಇರಲಿ, ನಮಗೆ ತಿಳಿಯಬೇಕಾದ್ದು ಇಷ್ಟು: ಯಾರೋ ತಂದುಕೊಟ್ಟ ತುಂಡನ್ನು ಕುದಿಸಿ ಕುಡಿಯಬಾರದು, ತಿಂಗಳುಗಟ್ಟಲೆ ಕುಡಿಯುವ ಮುಂಚೆ ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಂತೂ ಕೇಳಲೇಬೇಕು, ಏಕೆಂದರೆ ಇದೂ ರಕ್ತದ ಸಕ್ಕರೆಯನ್ನು ಇಳಿಸುತ್ತದೆ.

ಎರಡನೆಯದು ನನಗೂ ಗೊತ್ತಾಯಿತು. ನಾಲ್ಕು ಅಂಚಿನ, ಗಿಣ್ಣು ಗಿಣ್ಣಾದ ಹಸಿರು ಕಾಂಡ. ಅದಕ್ಕೂ ಪುಟ್ಟ ಪುಟ್ಟ ಕೆಂಪು ಹಣ್ಣು. "ಮಂಗರವಳ್ಳಿ!" ಅಂದೆ. "ಕಣ್ಣು ಮುಚ್ಕೊಂಡು ಮುಟ್ಟಿದ್ರೂ ತಪ್ಪಾಗಕ್ಕಿಲ್ಲ ನೋಡು" ಅಂದರು ದೊಡ್ಡಮ್ಮ. ಇದರ ಹಣ್ಣು ತಿನ್ನುವಂಥದ್ದಲ್ಲ, ನಾಲಿಗೆ ಗಂಟಲು ತುರಿಸುತ್ತದೆ. ಎಳೆಯ ಕಾಂಡ ಮಾತ್ರ ಅಡಿಗೆಗೆ. ಮಧ್ಯಾಹ್ನ ಅದರದೇ ಚಟ್ನಿ ಮಾಡಿದೆವು. ಕೈಗೆ ಎಣ್ಣೆ ಸವರಿಕೊಂಡು, ತುದಿಯ ಎರಡು ಮೂರು ಎಳೆಯ ಗೆಣ್ಣನ್ನು ಮಾತ್ರ ತೆಗೆದುಕೊಂಡು, ಗಿಣ್ಣು ಬಿಸಾಡಿ, ಅಂಚಿನ ನಾರು ಬಿಡಿಸಿ, ಸಣ್ಣಗೆ ಹೆಚ್ಚಬೇಕು. ಎಳ್ಳೆಣ್ಣೆಯಲ್ಲಿ ಹಸಿರು ಹೋಗಿ ಕಂದು ಬಣ್ಣ ಬರುವವರೆಗೆ ಹುರಿಯಬೇಕು. ಅರೆಬರೆ ಹುರಿದರೆ ಗಂಟಲು ಕೆರೆಯುತ್ತದೆ. ಎರಡು ಚಮಚ ಉದ್ದಿನಬೇಳೆ, ಆರು ಒಣಮೆಣಸಿನಕಾಯಿ ಬೇರೆಯಾಗಿ ಹುರಿದು, ಹುಣಸೆಹಣ್ಣು ಸ್ವಲ್ಪ ಧಾರಾಳವಾಗಿ ಹಾಕಿ, ಕಾಯಿತುರಿ, ಚೂರು ಬೆಲ್ಲ, ಉಪ್ಪು ಸೇರಿಸಿ ಒರಳಲ್ಲಿ ರುಬ್ಬಿ. ಬಿಸಿ ಅನ್ನ, ತುಪ್ಪದ ಜೊತೆ ಬಹಳ ಚೆನ್ನ. ರಾಗಿ ರೊಟ್ಟಿಗೂ ಹೊಂದುತ್ತದೆ.

ಇನ್ನು ಮುಂದೆ ಬಂತು ನನ್ನನ್ನು ಮೋಸ ಮಾಡಿದ ಜೋಡಿ. ಎರಡಕ್ಕೂ ಕೈ ಇದೆ, ಎರಡರ ಎಲೆಯೂ ಐದು ಮೂಲೆಯದು, ಎರಡರ ಹಣ್ಣೂ ಕೆಂಪು. ದೊಡ್ಡಮ್ಮ ನನ್ನ ಬೆರಳು ಹಿಡಿದು ಮೊದಲನೆಯದರ ಸುರುಳಿಯ ಮೇಲಿಟ್ಟರು. "ಒಂದೇ ಕೈ, ಅಲ್ವಾ? ಇದು ತೊಂಡೆ." ಎರಡನೆಯದರ ಸುರುಳಿ ತುದಿಯಲ್ಲಿ ಕವಲೊಡೆದಿತ್ತು. "ಎರಡು ಕೈ. ಇದು ಲಿಂಗತೊಂಡೆ." ಆಮೇಲೆ ಕೇಳಿದರು, "ಹಣ್ಣಿನ ಮ್ಯಾಲೆ ಬಿಳಿ ಗೆರೆ ಅವಾ ನೋಡು, ನಿನಗೆ ಕಣ್ಣದಲ್ಲ."

ನೋಡಿದೆ. ತೊಂಡೆಯ ಕಾಯಿಗೆ ಬಿಳಿ ಗೆರೆ ಇರುತ್ತದೆ, ಹಣ್ಣಾದ ಮೇಲೆ ಮಾಯವಾಗಿ ಪೂರ್ತಿ ಕೆಂಪಾಗುತ್ತದೆ. ಹಣ್ಣು ಉದ್ದ, ಒಂದೊಂದೇ ತೂಗುತ್ತದೆ. ಲಿಂಗತೊಂಡೆ ದುಂಡಗೆ, ಎಲೆಯ ಸಂದಿಯಲ್ಲಿ ಕಾಂಡಕ್ಕೆ ಅಂಟಿದಂತೆ ಮೂರು ನಾಲ್ಕು ಒಟ್ಟಿಗೆ. ಹಣ್ಣಾದ ಮೇಲೂ ಬಿಳಿ ಗೆರೆ ಹಾಗೇ ಉಳಿದಿರುತ್ತದೆ. ಎಲೆಯೂ ಬೇರೆ, ತೊಂಡೆಯದು ಮೂಲೆ ಮಾತ್ರ, ಲಿಂಗತೊಂಡೆಯದು ಬೆರಳು ಬಿಡಿಸಿದ ಅಂಗೈಯಂತೆ ಆಳವಾಗಿ ಸೀಳಿರುತ್ತದೆ. ಇಷ್ಟು ಸುಲಭದ ಗುರುತು, ಇಪ್ಪತ್ತು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಲಿಂಗತೊಂಡೆಯನ್ನು ವಿಷದ ಲೆಕ್ಕಕ್ಕೇ ಸೇರಿಸಿಕೊಳ್ಳಿ, ಮಕ್ಕಳ ಬಾಯಿಗೆ ಹೋಗಬಾರದು. ಹಣ್ಣು ಒಡೆದರೆ ಒಳಗಿನ ಬೀಜ ಪಾಣಿಪೀಠದ ಮೇಲಿನ ಲಿಂಗದಂತೆಯೇ ಇರುತ್ತದೆ; ಶಿವಲಿಂಗಿ ಎಂಬ ಹೆಸರು ಬಂದದ್ದೂ ಅದಕ್ಕೆ. ಮಕ್ಕಳಾಗದ ಹೆಣ್ಣುಮಕ್ಕಳಿಗೆ ಈ ಬೀಜ ನುಂಗಿಸುವವರಿದ್ದಾರೆ. ಅಕ್ಕತಂಗಿಯರೇ, ಆಕಾರ ನೋಡಿ ಕೈ ಮುಗಿಯೋಣ, ನುಂಗುವುದು ಬೇಡ. ಮಕ್ಕಳಾಗದಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ವೈದ್ಯರ ಹತ್ತಿರ ಹೋಗಬೇಕು. ಬೀಜವೆಲ್ಲ ಹೆಂಡತಿಯೊಬ್ಬಳೇ ನುಂಗುವುದು ಯಾವ ನ್ಯಾಯ?

ಬೇಲಿಯ ಮೂಲೆಯಲ್ಲಿ ಇನ್ನೆರಡು ಸಿಕ್ಕವು. ಒಂದರ ಎಲೆ ಮುಟ್ಟಿದರೆ ಮಖಮಲ್ಲಿನಂತೆ ಮೆತ್ತಗೆ, ನವಿರಾದ ರೋಮ. ದಾಗಡಿ ಬಳ್ಳಿ. ಅದರ ಎಲೆ ಕಿವುಚಿ ನೀರಿನಲ್ಲಿಟ್ಟರೆ ಸ್ವಲ್ಪ ಹೊತ್ತಿಗೆ ಹಲ್ವದಂತೆ ಗಟ್ಟಿಯಾಗುತ್ತದೆ. ಚಿಕ್ಕಂದಿನಲ್ಲಿ ನಾವು ಅಡಿಗೆ ಆಟ ಆಡುತ್ತಿದ್ದುದು ಇದರಲ್ಲೇ. ಹಣ್ಣು ಕೆಂಪಲ್ಲ, ಕಪ್ಪು ನೇರಳೆ. ಇನ್ನೊಂದಕ್ಕೆ ಎಲೆಯ ಬದಲು ಸೂಜಿಯಂಥ ಎಳೆಗಳು, ಕೊಕ್ಕೆಯಂಥ ಮುಳ್ಳು, ಕೆಂಪಾಗಿ ಆಮೇಲೆ ಕಪ್ಪಿಗೆ ತಿರುಗುವ ಗುಂಡು ಹಣ್ಣು. ಅದು ಶತಾವರಿ. ನಮ್ಮ ಕಡೆ ಅದಕ್ಕೆ 'ಹಲವು ಮಕ್ಕಳ ತಾಯಿ ಬೇರು' ಎನ್ನುತ್ತಾರೆ, ಬುಡ ಅಗೆದರೆ ಒಂದೇ ಗಿಡಕ್ಕೆ ಹತ್ತಾರು ಗೆಡ್ಡೆ ಜೋತುಬಿದ್ದಿರುವುದರಿಂದ. ಎಂಥ ಹೆಸರು ನೋಡಿ!

ಕೊನೆಗೆ ಗುಲಗಂಜಿ. ದೊಡ್ಡಮ್ಮ ತೆಳ್ಳನೆಯ ಬಳ್ಳಿಯನ್ನು ಹಿಡಿದು, ಹುಣಸೆ ಎಲೆಯಂತೆ ಸಾಲಾಗಿ ಜೋಡಿಸಿದ ಪುಟ್ಟ ಎಲೆಗಳನ್ನು ಸವರಿದರು. ಕೈ ಇಲ್ಲ, ಮೈ ಸುತ್ತುವ ಬಳ್ಳಿ. "ಇದು ಹಣ್ಣೇ ಅಲ್ಲ ಕೂಸು, ಕಾಳು" ಅಂದರು. ನಿಜ. ಒಣಗಿದ ಸಣ್ಣ ಕಾಯಿ ಚಳಿಗಾಲದಲ್ಲಿ ಬಿರಿದು, ಸಿಪ್ಪೆ ಹಿಂದಕ್ಕೆ ಸುರುಳಿಯಾಗಿ, ಒಳಗಿನ ಕೆಂಪು ಕಾಳುಗಳು ಹಾಗೇ ಅಂಟಿಕೊಂಡು ನಿಂತಿರುತ್ತವೆ. ದೂರದಿಂದ ಹಣ್ಣಿನ ಗೊಂಚಲಿನಂತೆಯೇ. ಮೇಲೆ ತಿರುಳೇ ಇಲ್ಲ, ಹಕ್ಕಿಗೂ ಅದರಿಂದ ಲಾಭವಿಲ್ಲ. ಹಣ್ಣಿನ ವೇಷ ಅಷ್ಟೆ.

ಆಗ ಪಕ್ಕದ ಮನೆಯಾಕೆಯ ಮಾತು ಜ್ಞಾಪಕಕ್ಕೆ ಬಂತು. "ಹಕ್ಕಿ ತಿಂದದ್ದು ನಾವೂ ತಿನ್ನಬಹುದಲ್ವಾ?" ಎಂದು ಕೇಳಿದೆ. ದೊಡ್ಡಮ್ಮ ತಲೆ ಆಡಿಸಿದರು. "ಹಕ್ಕಿ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ." ಬಳ್ಳಿ ಹಣ್ಣನ್ನು ಕೆಂಪು ಮಾಡುವುದೇ ಪಿಕಳಾರ, ಕೋಗಿಲೆ, ಕುಟ್ರ ಹಕ್ಕಿಗಳನ್ನು ಕರೆಯಲು. ಅವು ತಿರುಳು ತಿಂದು ಬೀಜವನ್ನು ಇನ್ನೊಂದು ಬೇಲಿಗೆ ದಾಟಿಸುತ್ತವೆ. ಆ ಕರೆ ಹಕ್ಕಿಗೆ, ನಮಗಲ್ಲ.

ಮನೆಗೆ ಬಂದ ಮೇಲೆ ದೊಡ್ಡಮ್ಮ ನಾಗೊಂದಿಗೆಯಿಂದ ಒಂದು ಹಳೆಯ ಡಬ್ಬಿ ತೆಗೆಸಿದರು. ಒಳಗೆ ನಮ್ಮಜ್ಜಿಯ ಅಳಗುಳಿಮಣೆಯ ಗುಲಗಂಜಿಗಳು! ಮಕ್ಕಳೆಲ್ಲ ಇದರಲ್ಲೇ ಆಡಿದವರು ನಾವು. ಹಾಗಾದರೆ ನಮಗೇಕೆ ಏನೂ ಆಗಲಿಲ್ಲ? ನೆನಪಾಯಿತು. ಅಜ್ಜಿ ಡಬ್ಬಿ ತೆಗೆದಾಗಲೆಲ್ಲ ಕಾಳು ಎಣಿಸಿ ಕೊಡುತ್ತಿದ್ದರು, ಎಣಿಸಿ ವಾಪಸು ತೆಗೆದುಕೊಳ್ಳುತ್ತಿದ್ದರು. "ಇದು ಅಕ್ಕಸಾಲಿಯ ತೂಕದ ಕಾಳು. ಬಾಯಿಗೆ ಹಾಕಿದ್ರೆ ಜೀವಾನೇ ತೂಗ್ತದೆ" ಅನ್ನುತ್ತಿದ್ದರು. ಹಿಂದೆ ಚಿನ್ನ ತೂಗಲು ಇದನ್ನೇ ಇಡುತ್ತಿದ್ದರು. ಸುಮಾರು ಎಂಟು ಕಾಳು ಒಂದು ಗ್ರಾಂ. ನಾನು ಅಜ್ಜಿಗೆ ಜಿಪುಣತನವೆಂದುಕೊಂಡಿದ್ದೆ. ಎಣಿಕೆಯ ಅರ್ಥ ನಲವತ್ತು ದಾಟಿದ ಮೇಲೆ ತಿಳಿಯಿತು. ಒಂದು ಕಾಳು ಕಡಿಮೆಯಾದರೆ ಅದು ಯಾವ ಮಗುವಿನ ಹೊಟ್ಟೆಗೆ ಹೋಯಿತೆಂದು ಹುಡುಕಬೇಕು.

ಮೂರು ದಿನ ಇದ್ದು ಬಂದೆ. ಬರುವಾಗ ದೊಡ್ಡಮ್ಮನ ಮಗನ ಹತ್ತಿರ, ಕಣ್ಣಿನ ಆಪರೇಷನ್ ಇನ್ನು ತಡ ಮಾಡಬೇಡ ಎಂದು ಗಟ್ಟಿಯಾಗಿ ಹೇಳಿ, ದಿನ ಗೊತ್ತುಮಾಡಿಸಿಯೇ ಬಸ್ಸು ಹತ್ತಿದೆ. ಸಂಕ್ರಾಂತಿ ಮುಗಿದ ವಾರದಲ್ಲಿ ಒಂದು ಕಣ್ಣು ಆಯಿತು. ಫೋನಿನಲ್ಲಿ ಅವರು ಮೊದಲು ಹೇಳಿದ್ದು: "ಬೇಲೀಲಿ ಕೆಂಪು ಕಂಡ್ತು ಕನವ್ವ."

ಗುಂಡ್ಲುಪೇಟೆಗೆ ಬಂದವಳು ನಮ್ಮ ಹಿತ್ತಲ ಬೇಲಿಯ ಮುಂದೆ ನಿಂತು ಬುಡದಿಂದ ಲೆಕ್ಕ ಹಾಕಿದೆ. ತೊಂಡೆ ಇದೆ, ಇರಲಿ; ಗಿಳಿಗಳು ಬರುತ್ತವೆ. ಮಂಗರವಳ್ಳಿ ಇದೆ, ಬೇಕು. ಅಮೃತಬಳ್ಳಿ ಗಂಡು, ಇರಲಿ. ಲಿಂಗತೊಂಡೆಯನ್ನು ಮಕ್ಕಳ ಕೈಗೆ ಎಟುಕದಂತೆ ಕೆಳಗಿನದನ್ನು ಮಾತ್ರ ಕತ್ತರಿಸಿದೆ. ಯಜಮಾನರು ಮಚ್ಚು ಒಳಗಿಟ್ಟರು.

ನೀವೂ ನಮ್ಮ ಕಡೆ ಬಂದರೆ ಚಳಿಗಾಲದಲ್ಲೂ ಒಮ್ಮೆ ಬನ್ನಿ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ. ಸ್ವಂತ ವಾಹನವನ್ನು ತಪ್ಪಲಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋಗಬೇಕು. ಬಂಡೀಪುರದ ಕಾಡಿನ ದಾರಿಯಲ್ಲಿ ಮಾತ್ರ ಇಳಿಯುವುದೂ ಬೇಡ, ಒಂದು ಎಲೆ ಕೀಳುವುದೂ ಬೇಡ, ಅದು ಕಾನೂನು. ಬಳ್ಳಿ ನೋಡಲು ಕಾಡೇ ಬೇಕೆಂದಿಲ್ಲ, ಊರ ಹೊರಗಿನ ಹಳೆಯ ಬೇಲಿ ಒಂದು ಸಾಕು. ಅದಕ್ಕಿಂತ ಮುಂಚೆ ನಿಮ್ಮ ಮನೆಯ ಹಿರಿಯರನ್ನು ಕೈ ಹಿಡಿದು ನಿಮ್ಮ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ. ಅವರು ಹೇಳಿದ ಹೆಸರನ್ನು ಅಡಿಗೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ. ಗುರುತು ಖಚಿತವಾಗದ ಹಣ್ಣನ್ನು ಬಾಯಿಗೆ ಹಾಕಬೇಡಿ, ಹಾಕಲು ಬಿಡಬೇಡಿ.

ಮೊನ್ನೆ ನಾದಿನಿ ಮಗಳ ಜೊತೆ ಮತ್ತೆ ಬಂದಿದ್ದಳು. ಮಗು ಬೇಲಿಯ ಮುಂದೆ ನಿಂತು, ಕೈ ಹಿಂದೆ ಕಟ್ಟಿಕೊಂಡು, "ಅತ್ತೆ, ಇದಕ್ಕೆ ಎರಡು ಕೈ. ನಾನು ಮುಟ್ಟಿಲ್ಲ" ಅಂದಿತು. ಆ ದಿನ ಹಿತಕಿದವರೆ ಸಾರು ಪೂರ್ತಿ ಆಯಿತು.